ಮುಂದಾಳ್ತನದ ಪಾಠ ಮತ್ತು ವಿಶ್ವವಿದ್ಯಾಲಯ: ಕನ್ನಡ ವಿಭಾಗಗಳ ಹೊಣೆಯನ್ನು ಕುರಿತು

1

ಕಳೆದ ಎರಡು ಮೂರು ದಶಕಗಳಲ್ಲಿ ನಮ್ಮ ವಿಶ್ವವಿದ್ಯಾಲಯಗಳ ವ್ಯವಹಾರದೊಳಗೆ ಎರಡು ಪರಿಭಾಷೆಗಳು ನೆಲೆಯೂರಿವೆ. ಒಂದು 'ಸುಸ್ಥಿರ ಅಭಿವೃದ್ಧಿ', ಮತ್ತೊಂದು 'ನಾಯಕತ್ವ'. ಮೊದಲನೆಯದು 1987ರ ಬ್ರಂಟ್‌ಲ್ಯಾಂಡ್ ಆಯೋಗದ ವರದಿಯ ತರುವಾಯ ಅನುವಾದದ ಮೂಲಕ ಹಲವು ಭಾಷೆಗಳನ್ನು ಹೊಕ್ಕದ್ದು. ವಿಶ್ವಸಂಸ್ಥೆಯು 2005ರಿಂದ 2014ರವರೆಗಿನ ಅವಧಿಯನ್ನು ಸುಸ್ಥಿರ ಅಭಿವೃದ್ಧಿಗಾಗಿ ಶಿಕ್ಷಣದ ದಶಕವೆಂದು ಘೋಷಿಸಿದ ಮೇಲೆ ಅದು ಪಠ್ಯಕ್ರಮದ ಭಾಷೆಯೂ ಆಯಿತು. ಎರಡನೆಯದು ವ್ಯವಹಾರ ನಿರ್ವಹಣಾಶಾಸ್ತ್ರದ ಕಡೆಯಿಂದ ಬಂದು, ವ್ಯಕ್ತಿತ್ವ ವಿಕಸನ, ಸಂವಹನ ಕೌಶಲ ಮುಂತಾದ ಹೆಸರುಗಳಲ್ಲಿ ಪದವಿ ತರಗತಿಗಳನ್ನು ಸೇರಿದೆ. ಈಚೆಗೆ ಇವೆರಡನ್ನೂ ಜೋಡಿಸಿ, ಸುಸ್ಥಿರತೆ ಮತ್ತು ಸಾಮಾಜಿಕ ಪರಿವರ್ತನೆಗಾಗಿ ನಾಯಕತ್ವವನ್ನು ವಿಶ್ವವಿದ್ಯಾಲಯಗಳಲ್ಲಿ ಕಲಿಸಬೇಕೆಂಬ ಮಾತು ಕೇಳಿಬರುತ್ತಿದೆ.

ಈ ಮಾತನ್ನು ತಾತ್ವಿಕವಾಗಿ ಒಪ್ಪದಿರಲು ಕಾರಣವಿಲ್ಲ. ಆದರೆ ಯಾರು, ಯಾರಿಗೆ, ಯಾವ ಭಾಷೆಯಲ್ಲಿ, ಏನನ್ನು ಕಲಿಸಬೇಕು ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳದೆ ಹೋದರೆ ಇದು ಮತ್ತೊಂದು ಕಡ್ಡಾಯ ಪತ್ರಿಕೆಯಾಗಿ ಮುಗಿಯುವ ಅಪಾಯವಿದೆ. ಪ್ರಸ್ತುತ ಲೇಖನದ ನಿಲುವು ಇಷ್ಟು: ಕರ್ನಾಟಕದಲ್ಲಿ ನೆಲ, ಜಲ, ಕಾಡು ಮತ್ತು ಮಾನವ ಘನತೆಯ ಪ್ರಶ್ನೆಗಳನ್ನೆತ್ತಿದ ಮುಂದಾಳ್ತನವು ರೂಪುಗೊಂಡದ್ದು ಪಠ್ಯಕ್ರಮದ ಹೊರಗೆ, ಅದನ್ನು ಪಠ್ಯಕ್ರಮದೊಳಕ್ಕೆ ತರಬೇಕಾದರೆ ನಾಯಕತ್ವದ ಬಗೆಗಿನ ನಮ್ಮ ಕಲ್ಪನೆಯೇ ಬದಲಾಗಬೇಕು, ಮತ್ತು ಆ ಕೆಲಸದಲ್ಲಿ ವಿಜ್ಞಾನ ಅಥವಾ ನಿರ್ವಹಣಾಶಾಸ್ತ್ರದ ವಿಭಾಗಗಳಷ್ಟೇ ಹೊಣೆ ಕನ್ನಡ ವಿಭಾಗಗಳ ಮೇಲೂ ಇದೆ. ಈ ಕೊನೆಯ ಮಾತು ಕೆಲವರಿಗೆ ವಿಚಿತ್ರವೆನಿಸಬಹುದು. ಅದಕ್ಕೆ ಆಧಾರಗಳನ್ನು ಮುಂದೆ ಚರ್ಚಿಸಲಾಗಿದೆ.

2

ಮೊದಲು ಈಗಾಗಲೇ ಏನನ್ನು ಕಲಿಸುತ್ತಿದ್ದೇವೆ ಎಂಬುದನ್ನು ನೋಡಬೇಕು. ಎಂ. ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರಿನಲ್ಲಿ ತೀರ್ಪು ನೀಡಿ, ಪರಿಸರವನ್ನು ಶಿಕ್ಷಣದ ಎಲ್ಲ ಹಂತಗಳಲ್ಲೂ ಬೋಧಿಸಬೇಕೆಂದು ನಿರ್ದೇಶಿಸಿತು. ಈ ನಿರ್ದೇಶನ ಕಾರ್ಯರೂಪಕ್ಕೆ ಬರಲು ಹನ್ನೆರಡು ವರ್ಷಗಳು ಹಿಡಿದವು. 2003ರಲ್ಲಿ ನ್ಯಾಯಾಲಯವು ಮತ್ತೆ ಎಚ್ಚರಿಸಿದ ಬಳಿಕ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಆರು ತಿಂಗಳ ಪರಿಸರ ಅಧ್ಯಯನ ಪತ್ರಿಕೆಯು ಪದವಿ ಹಂತದಲ್ಲಿ ಕಡ್ಡಾಯವಾಯಿತು.

ಆ ಪಠ್ಯಕ್ರಮದ ವಿನ್ಯಾಸವು ಗಮನಾರ್ಹವಾದುದು. ಎಂಟು ಘಟಕಗಳು, ಒಟ್ಟು 50 ಉಪನ್ಯಾಸಗಳು. ನೈಸರ್ಗಿಕ ಸಂಪನ್ಮೂಲಗಳಿಗೆ 8, ಜೀವವೈವಿಧ್ಯಕ್ಕೆ 8, ಮಾಲಿನ್ಯಕ್ಕೆ 8, ಪರಿಸರ ಮತ್ತು ಸಾಮಾಜಿಕ ಸಮಸ್ಯೆಗಳಿಗೆ 7 ಉಪನ್ಯಾಸಗಳು ಹಂಚಿಕೆಯಾಗಿದ್ದವು. ಕೊನೆಯ ಘಟಕ ಕ್ಷೇತ್ರಕಾರ್ಯ. ಅದಕ್ಕೆ 5 ಉಪನ್ಯಾಸಗಳಷ್ಟು ಅವಧಿ. ನೂರು ಅಂಕಗಳಲ್ಲಿ 25ನ್ನು ಈ ಕ್ಷೇತ್ರಕಾರ್ಯಕ್ಕೆ ಮೀಸಲಿಡಲಾಗಿತ್ತು. ಸಮೀಪದ ನದಿ, ಕಾಡು, ಹುಲ್ಲುಗಾವಲು ಅಥವಾ ಬೆಟ್ಟವೊಂದನ್ನು ನೋಡಿ ದಾಖಲಿಸುವುದು, ಮಲಿನಗೊಂಡ ಸ್ಥಳವೊಂದಕ್ಕೆ ಭೇಟಿ ನೀಡುವುದು, ಸುತ್ತಲಿನ ಗಿಡ, ಕೀಟ, ಹಕ್ಕಿಗಳನ್ನು ಗುರುತಿಸುವುದು ಇದರಲ್ಲಿ ಸೇರಿದ್ದವು. ಕಾಗದದ ಮೇಲೆ ಇದು ಉತ್ತಮ ಯೋಜನೆಯೇ ಸರಿ.

ಆದರೆ ಈ ಪತ್ರಿಕೆಗೆ ಸ್ವಂತದ ವಿಭಾಗವಿರಲಿಲ್ಲ. ಯಾರ ಕಾರ್ಯಭಾರ ಕಡಿಮೆಯೋ ಅವರು ಅದನ್ನು ಬೋಧಿಸುವುದು ಹಲವು ಕಾಲೇಜುಗಳಲ್ಲಿ ರೂಢಿಯಾಯಿತು. ಕನ್ನಡ ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕ್ಕೆ ಸೇರಿದ ನನ್ನಂಥವರ ಪಾಲಿಗೂ ಅದು ಬಂದಿತು. ನಾನು ಕೆಲಸ ಮಾಡಿದ ಕಾಲೇಜಿನಲ್ಲಿ ಕ್ಷೇತ್ರಕಾರ್ಯದ 25 ಅಂಕಗಳಿಗಾಗಿ ವಿದ್ಯಾರ್ಥಿಗಳು ಹಿಂದಿನ ವರ್ಷದವರ ದಾಖಲೆ ಪುಸ್ತಕವನ್ನು ನಕಲು ಮಾಡಿ ಒಪ್ಪಿಸುತ್ತಿದ್ದರು. ಊರ ಕೆರೆ ಕಾಲೇಜಿನಿಂದ ಕಾಲ್ನಡಿಗೆಯ ದೂರದಲ್ಲಿತ್ತು. ದಾಖಲೆ ಪುಸ್ತಕದಲ್ಲಿದ್ದುದು ಎಲ್ಲರಿಗೂ ಒಂದೇ ಆದ, ಯಾವ ಊರಿಗೂ ಸೇರದ ಒಂದು ಕೆರೆಯ ಚಿತ್ರ. ಆ ಕೆರೆಗೆ ಹೆಸರಿರಲಿಲ್ಲ, ಅಚ್ಚುಕಟ್ಟು ಇರಲಿಲ್ಲ, ಒತ್ತುವರಿಯೂ ಇರಲಿಲ್ಲ.

ಇದು ವಿದ್ಯಾರ್ಥಿಗಳ ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ವಾಸ್ತವದಲ್ಲಿ ಪರೀಕ್ಷೆಯು ಅವರಿಂದ ಬಯಸಿದ್ದೇ ಹೆಸರಿಲ್ಲದ ಕೆರೆಯನ್ನು. ಪರಿಸರವನ್ನು ಎಲ್ಲೆಡೆಗೂ ಅನ್ವಯವಾಗುವ ವ್ಯಾಖ್ಯೆಗಳ ಮೊತ್ತವಾಗಿ ಕಲಿಸಿದಾಗ, ನಿರ್ದಿಷ್ಟ ಸ್ಥಳದ ನಿರ್ದಿಷ್ಟ ಕೆರೆಗೆ ಸಂಬಂಧಿಸಿದ ಪ್ರಶ್ನೆಗಳು ತಾವಾಗಿಯೇ ಹೊರಗುಳಿಯುತ್ತವೆ. ಕೆರೆಯ ನೀರು ಯಾರ ಗದ್ದೆಗೆ ಮೊದಲು ಹೋಗುತ್ತಿತ್ತು, ಅಂಗಳದಲ್ಲಿ ಈಗ ಯಾರ ಕಟ್ಟಡವಿದೆ, ಅಲ್ಲಿ ದನ ತೊಳೆಯಲು ಯಾರಿಗೆ ಅವಕಾಶವಿರಲಿಲ್ಲ ಎಂಬ ಪ್ರಶ್ನೆಗಳು ಪರಿಸರದ ಪ್ರಶ್ನೆಗಳೂ ಹೌದು, ಸಮಾಜದ ಪ್ರಶ್ನೆಗಳೂ ಹೌದು. ಈ ಪ್ರಶ್ನೆಗಳನ್ನು ಕೇಳಬಲ್ಲ ಧೈರ್ಯ ಮತ್ತು ವಿಧಾನವನ್ನೇ ನಾವು ಮುಂದಾಳ್ತನ ಎನ್ನಬೇಕಾಗಿದೆ. 2023ರಲ್ಲಿ ಆಯೋಗವು ಪರಿಸರ ಶಿಕ್ಷಣಕ್ಕೆ ಹೊಸ ಮಾರ್ಗಸೂಚಿಯನ್ನು ಹೊರಡಿಸಿದೆ. ಹವಾಮಾನ ಬದಲಾವಣೆ, ಸುಸ್ಥಿರ ಅಭಿವೃದ್ಧಿ ಮುಂತಾದ ವಿಷಯಗಳಿಗೆ ಅಲ್ಲಿ ಹೆಚ್ಚಿನ ಸ್ಥಾನ ದೊರೆತಿದೆ. ಆದರೆ ಘಟಕಗಳು ಬದಲಾದ ಮಾತ್ರಕ್ಕೆ ಕಲಿಸುವ ರೀತಿ ಬದಲಾಗುವುದಿಲ್ಲ.

3

ಪಠ್ಯೇತರ ಚಟುವಟಿಕೆಗಳ ಸ್ಥಿತಿಯೂ ಚಿಂತನೆಗೆ ಅರ್ಹವಾಗಿದೆ. ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ವರ್ಷಕ್ಕೆ 120 ಗಂಟೆಗಳ ಸೇವೆ, ಏಳು ದಿನಗಳ ವಿಶೇಷ ಶಿಬಿರ ಅದರ ಚೌಕಟ್ಟು. ಹಳ್ಳಿಯನ್ನು ಮೊದಲ ಬಾರಿಗೆ ಗಂಭೀರವಾಗಿ ನೋಡಿದ್ದು ಈ ಶಿಬಿರಗಳಲ್ಲಿ ಎಂದು ನೆನೆಯುವ ನಗರದ ವಿದ್ಯಾರ್ಥಿಗಳು ಅನೇಕರಿದ್ದಾರೆ. ಈ ಯೋಜನೆಯ ಕೊಡುಗೆಯನ್ನು ಅಲ್ಲಗಳೆಯುವಂತಿಲ್ಲ. ಆದರೂ 'ನನಗಲ್ಲ, ನಿನಗೆ' ಎಂಬ ಅದರ ಧ್ಯೇಯವಾಕ್ಯದಲ್ಲಿ ಒಂದು ಸೂಕ್ಷ್ಮ ಶ್ರೇಣೀಕರಣವಿದೆ. ಕೊಡುವವನು ವಿದ್ಯಾರ್ಥಿ, ಪಡೆಯುವುದು ಗ್ರಾಮ. ಏಳು ದಿನ ಚರಂಡಿ ಸ್ವಚ್ಛಗೊಳಿಸಿ ಸಸಿ ನೆಟ್ಟು ಹಿಂತಿರುಗುವ ಶಿಬಿರಾರ್ಥಿಗೆ, ಆ ಚರಂಡಿ ದಲಿತ ಕೇರಿಯ ಮುಂದೆಯೇ ಏಕೆ ಕಟ್ಟಿ ನಿಲ್ಲುತ್ತದೆ ಎಂದು ಕೇಳುವ ಅವಕಾಶ ದೊರೆಯುವುದು ವಿರಳ. ಶ್ರಮದಾನವಿದೆ, ವಿಚಾರಣೆಯಿಲ್ಲ.

ಇನ್ನೊಂದೆಡೆ, ವಿದ್ಯಾರ್ಥಿಗಳು ತಮ್ಮೊಳಗೇ ಸಂಘಟಿತರಾಗಿ, ವಾದಿಸಿ, ಸೋತು, ಗೆದ್ದು ಕಲಿಯುತ್ತಿದ್ದ ಚುನಾಯಿತ ವಿದ್ಯಾರ್ಥಿ ಸಂಘಗಳ ಪರಂಪರೆಯು ಕರ್ನಾಟಕದಲ್ಲಿ 1989ರಲ್ಲಿ ಕಡಿದುಹೋಯಿತು. ಹಿಂಸೆ ಮತ್ತು ಪಕ್ಷರಾಜಕಾರಣದ ಹಸ್ತಕ್ಷೇಪ ಇದಕ್ಕೆ ನೀಡಲಾದ ಕಾರಣ. ಆ ಕಾರಣ ನಿರಾಧಾರವೆಂದು ಹೇಳಲಾಗದು. ಆದರೆ 2006ರಲ್ಲಿ ಲಿಂಗ್ಡೊ ಸಮಿತಿಯು ಶಿಸ್ತುಬದ್ಧ ಚುನಾವಣೆಗೆ ನಿಯಮಗಳನ್ನು ಸೂಚಿಸಿ ಸರ್ವೋಚ್ಚ ನ್ಯಾಯಾಲಯವು ಅವನ್ನು ಅಂಗೀಕರಿಸಿದ ನಂತರವೂ ಪರಂಪರೆ ಮರಳಲಿಲ್ಲ. ಹೀಗೆ ಒಂದು ತಲೆಮಾರಿಗಿಂತ ಹೆಚ್ಚು ಕಾಲ, ಸಮುದಾಯದ ನಿರ್ಧಾರದಲ್ಲಿ ಪಾಲ್ಗೊಳ್ಳುವ ಅಭ್ಯಾಸವನ್ನು ಕಿತ್ತುಕೊಂಡ ಆವರಣದಲ್ಲೇ ನಾಯಕತ್ವದ ಕಾರ್ಯಾಗಾರಗಳು ನಡೆಯುತ್ತ ಬಂದಿವೆ. ಅಲ್ಲಿ ಕಲಿಸಲಾಗುವ ನಾಯಕತ್ವವು ಸಂದರ್ಶನವನ್ನು ಎದುರಿಸುವ, ತಂಡವನ್ನು ನಡೆಸುವ, ತನ್ನನ್ನು ತಾನು ಮಾರುಕಟ್ಟೆಗೆ ಒಪ್ಪಿಸಿಕೊಳ್ಳುವ ಕೌಶಲ. ಅದು ಉದ್ಯೋಗಕ್ಕೆ ಉಪಯುಕ್ತವಿರಬಹುದು. ಸಾಮಾಜಿಕ ಪರಿವರ್ತನೆಗೂ ಅದಕ್ಕೂ ನೇರ ಸಂಬಂಧವಿಲ್ಲ.

4

ಹಾಗಾದರೆ ಕರ್ನಾಟಕದಲ್ಲಿ ಪರಿವರ್ತನೆಯ ಮುಂದಾಳ್ತನ ಎಲ್ಲಿಂದ ಬಂದಿತು? ಎಪ್ಪತ್ತು ಎಂಬತ್ತರ ದಶಕಗಳ ಚಳವಳಿಗಳನ್ನು ನೋಡಿದರೆ ಒಂದು ಕುತೂಹಲಕರ ಅಂಶ ಕಾಣುತ್ತದೆ. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದವರು. 1980ರಲ್ಲಿ ರೂಪುಗೊಂಡ ರಾಜ್ಯ ರೈತ ಸಂಘದ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರು ಕಾನೂನು ಅಧ್ಯಾಪಕರು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗವನ್ನು ಬೂಸಾ ಎಂದಾಗ ಎದ್ದ ವಿವಾದವು ಹಾಸ್ಟೆಲುಗಳ ದಲಿತ ವಿದ್ಯಾರ್ಥಿಗಳನ್ನು ಸಂಘಟನೆಯ ಕಡೆಗೆ ತಿರುಗಿಸಿತು. ಸಾಹಿತ್ಯವನ್ನು ಕುರಿತ ಒಂದು ವಾಗ್ವಾದವೇ ಸಾಮಾಜಿಕ ಚಳವಳಿಗೆ ನಾಂದಿಯಾದುದು ನಮ್ಮ ವಿಭಾಗಗಳು ಮರೆಯಬಾರದ ಸಂಗತಿ. ವಿಶ್ವವಿದ್ಯಾಲಯವು ಮುಂದಾಳುಗಳನ್ನು ಸೃಷ್ಟಿಸಿಲ್ಲವೆಂದಲ್ಲ; ಅದರ ತರಗತಿಗಳಿಗಿಂತ ಹಾಸ್ಟೆಲು, ಚಹಾದಂಗಡಿ ಮತ್ತು ಬೀದಿಗಳು ಆ ಕೆಲಸವನ್ನು ಹೆಚ್ಚಾಗಿ ಮಾಡಿದವು.

ಪರಿಸರದ ಹೋರಾಟಗಳಲ್ಲಿ ಇನ್ನೂ ಭಿನ್ನವಾದ ಚಿತ್ರ ದೊರೆಯುತ್ತದೆ. 1983ರ ಸೆಪ್ಟೆಂಬರಿನಲ್ಲಿ ಸಿರಸಿ ತಾಲೂಕಿನ ಸಲ್ಕಣಿಯ ಸುತ್ತಲಿನ ಜನ ಕಳಸೆಯ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಮುಂದೆ ನಿಂತದ್ದು ಊರಿನ ಯುವಕ ಮಂಡಳಿ. ಆ ಚಳವಳಿಯ 'ಉಳಿಸು, ಬೆಳೆಸು, ಬಳಸು' ಎಂಬ ಘೋಷಣೆಯಲ್ಲಿ ಮೂರು ಕ್ರಿಯಾಪದಗಳಿವೆ. ಸುಸ್ಥಿರತೆ ಎಂಬ ಅನುವಾದಿತ ಭಾವನಾಮವು ಹೇಳಲು ಹೆಣಗುವುದನ್ನು ಈ ಮೂರು ಪದಗಳು ನಿರಾಯಾಸವಾಗಿ ಹೇಳುತ್ತವೆ. 'ಬಳಸು' ಎಂಬುದನ್ನು ಬಿಟ್ಟುಕೊಡದಿರುವುದೇ ಇಲ್ಲಿನ ವಿಶೇಷ. ಕಾಡು ನೋಡುವುದಕ್ಕಷ್ಟೇ ಅಲ್ಲ, ಬದುಕುವುದಕ್ಕೂ ಬೇಕು ಎಂಬ ನಿಲುವು ಅದರಲ್ಲಿದೆ.

ಎರಡನೆಯ ನಿದರ್ಶನ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ಸಂಬಂಧಿಸಿದ್ದು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ ಸ್ಥಾಪಿಸಿದ ಈ ಕಂಪನಿಗೆ ನೀಲಗಿರಿ ಬೆಳೆಸಲು ಸುಮಾರು 30 ಸಾವಿರ ಹೆಕ್ಟೇರು ಸರ್ಕಾರಿ ಭೂಮಿಯನ್ನು ಕೊಡುವ ಯೋಜನೆಯಿತ್ತು. ಕಡತಗಳಲ್ಲಿ ಅದು 'ಸಿ ಮತ್ತು ಡಿ ದರ್ಜೆಯ' ಭೂಮಿ, ಅಂದರೆ ಹಾಳುಬಿದ್ದ ನೆಲ. ಹಳ್ಳಿಗರ ಪಾಲಿಗೆ ಅದೇ ನೆಲ ದನ ಮೇಯುವ, ಸೌದೆ ಸೊಪ್ಪು ದೊರೆಯುವ ಊರೊಟ್ಟಿನ ಆಸ್ತಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರು ಸೇರಿದಂತೆ ಹಲವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂಬ ಆ ಸತ್ಯಾಗ್ರಹದ ಹೆಸರಿನಲ್ಲಿ ಉತ್ತರ ಕರ್ನಾಟಕದ ಆಡುಮಾತು ಇದೆ; ಹಚ್ಚುವುದೆಂದರೆ ನೆಡುವುದು. 1991ರಲ್ಲಿ ಆ ಕಂಪನಿ ಮುಚ್ಚಿತು.

ಈ ಪ್ರಸಂಗವನ್ನು ಕೇವಲ ಪರಿಸರ ವಿಜ್ಞಾನದ ದೃಷ್ಟಿಯಿಂದ ಓದಿದರೆ ಅದು ನೀಲಗಿರಿಯ ಗುಣದೋಷಗಳ ಚರ್ಚೆಯಾಗುತ್ತದೆ. ಭಾಷೆಯ ದೃಷ್ಟಿಯಿಂದ ಓದಿದರೆ ಅದು ಹೆಸರಿಡುವ ಅಧಿಕಾರದ ಪ್ರಶ್ನೆ. 'ಪಾಳು' ಎಂದು ಕರೆದಾಗ ಆ ನೆಲಕ್ಕೆ ಯಾರೂ ದಿಕ್ಕಿಲ್ಲವೆಂದಾಗುತ್ತದೆ. ಗೋಮಾಳ, ಹುಲ್ಲುಬನ್ನಿ, ಗುಂಡುತೋಪು, ಸೊಪ್ಪಿನ ಬೆಟ್ಟ, ಕಾನು ಎಂದು ಕರೆದಾಗ ಪ್ರತಿಯೊಂದಕ್ಕೂ ಒಂದು ಬಳಕೆ, ಒಂದು ಹಕ್ಕು, ಒಂದು ಸಮುದಾಯ ಎದ್ದು ನಿಲ್ಲುತ್ತದೆ. ಹೀಗೆ ಎದ್ದು ನಿಲ್ಲುವಂತೆ ಮಾಡುವುದು ನಿಘಂಟು ಮತ್ತು ಪರಿಭಾಷೆಯ ಕೆಲಸ. ಅಂದರೆ ನಮ್ಮ ಕೆಲಸ.

5

ಕನ್ನಡದ ಸೃಜನಶೀಲ ಪರಂಪರೆಯು ಮುಂದಾಳ್ತನವನ್ನು ಕುರಿತು ಏನು ಹೇಳುತ್ತದೆ? ಇಲ್ಲಿ ಎರಡು ಕೃತಿಗಳನ್ನಷ್ಟೇ ನೆನೆಯುತ್ತೇನೆ. 'ಕೆರೆಗೆ ಹಾರ' ನಮ್ಮ ಎಲ್ಲ ಹಂತದ ಪಠ್ಯಗಳಲ್ಲೂ ಸ್ಥಾನ ಪಡೆದಿರುವ ಕಥನಗೀತೆ. ಊರಿನ ಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ತ್ಯಾಗದ ಮಹಿಮೆಯಾಗಿ ಇದನ್ನು ಬಹುಕಾಲ ಬೋಧಿಸಲಾಯಿತು. ಸ್ತ್ರೀವಾದಿ ಓದುಗಳು ಬಂದ ಮೇಲೆ ಹಿಂಸೆಯ ಕಥನವಾಗಿಯೂ ನೋಡಲಾಯಿತು. ಸುಸ್ಥಿರತೆಯ ತರಗತಿಗೆ ಇದು ಮತ್ತೊಂದು ಪಾಠವನ್ನು ಕೊಡಬಲ್ಲುದು. ಗೌಡನಲ್ಲಿ ನಾಯಕತ್ವವಿದೆ, ಊರಿನ ಹಿತದ ಚಿಂತೆಯಿದೆ, ನೀರಿನ ಯೋಜನೆಯೂ ಇದೆ. ಇಲ್ಲದಿರುವುದು ಒಂದೇ: ಬೆಲೆ ತೆರಬೇಕಾದವಳನ್ನು ಯಾರೂ ಕೇಳುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಾಡಿಗೆ ಬೆಳಕು ಬಂದಿತು. ನೆಲ ಕಳೆದುಕೊಂಡ ಶರಾವತಿ ಮುಳುಗಡೆಯ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಕಾದಂಬರಿಗಳ ಹಿನ್ನೆಲೆಯೂ ಅದೇ ಪ್ರದೇಶದ ಬದುಕು. ಈ ಸಾಲಿನಲ್ಲಿಟ್ಟು ಓದಿದಾಗ ಭಾಗೀರಥಿ ಹಳೆಯ ಕಾಲದವಳಾಗಿ ಉಳಿಯುವುದಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಪ್ರಕಟವಾಯಿತು. ಅಲ್ಲಿ ಹಾರುವ ಓತಿಯನ್ನು ಕಂಡವನು ವಿಜ್ಞಾನಿಯಲ್ಲ, ಹಳ್ಳಿಯ ಮಂದಣ್ಣ. ಊರಿನ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ಕರ್ವಾಲೊ ಅವರ ಕಣ್ಣಿಗೆ ಹುಟ್ಟು ನಿಸರ್ಗಶಾಸ್ತ್ರಜ್ಞ. ವಿದ್ಯಾವಂತ ವಿಜ್ಞಾನಿಯ ದೊಡ್ಡತನವಿರುವುದು ಮಂದಣ್ಣನಿಗೆ ಕಲಿಸುವುದರಲ್ಲಿ ಅಲ್ಲ, ಅವನ ಹಿಂದೆ ನಡೆಯಲು ಸಿದ್ಧವಿರುವುದರಲ್ಲಿ. ಕಾದಂಬರಿಯ ಕೊನೆಯಲ್ಲಿ ಓತಿ ಕೈಗೆ ಸಿಗದೆ ತೇಲಿಹೋಗುತ್ತದೆ. ಜ್ಞಾನದ ಅನ್ವೇಷಣೆಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದು ಸಂದರ್ಭಕ್ಕೆ ತಕ್ಕಂತೆ ಬದಲಾಗಬೇಕು ಎಂಬ ತಿಳಿವು ಇಲ್ಲಿದೆ. ನಾಯಕತ್ವವನ್ನು ಒಬ್ಬ ವ್ಯಕ್ತಿಯ ಗುಣವಾಗಿ ಕಲಿಸುವ ಪಠ್ಯಗಳಿಗೆ ಈ ತಿಳಿವು ಎಟುಕುವುದಿಲ್ಲ.

ಹಾಗೆಂದು ದೇಸಿ ಪರಂಪರೆಯನ್ನು ವೈಭವೀಕರಿಸುವುದು ನನ್ನ ಉದ್ದೇಶವಲ್ಲ. ಹಳೆಯ ಮೈಸೂರು ಪ್ರದೇಶದ ಕೆರೆ ವ್ಯವಸ್ಥೆಯಲ್ಲಿ ನೀರುಗಂಟಿಯ ಸ್ಥಾನ ವಿಶಿಷ್ಟವಾದುದು. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಹೊಣೆ ಅವನದು. ಕೊರತೆಯ ವರ್ಷದಲ್ಲಿ ಯಾವ ಗದ್ದೆಗೆ ಎಷ್ಟು ನೀರು ಎಂಬ ಲೆಕ್ಕ ಅವನಿಗೆ ತಿಳಿದಿತ್ತು. ಇದನ್ನು ಸುಸ್ಥಿರ ನಿರ್ವಹಣೆಯ ಮಾದರಿಯೆಂದು ಹೊಗಳುವುದು ಈಗ ರೂಢಿಯಾಗಿದೆ. ಆದರೆ ಅನೇಕ ಊರುಗಳಲ್ಲಿ ನೀರುಗಂಟಿಯು ದಲಿತ ಸಮುದಾಯದವನು; ಅಚ್ಚುಕಟ್ಟಿನ ಗದ್ದೆಗಳೋ ಮೇಲುಜಾತಿಗಳ ಹಿಡುವಳಿಗಳು. ನೀರಿನ ಜ್ಞಾನ ಒಬ್ಬನದು, ನೀರಿನ ಫಲ ಮತ್ತೊಬ್ಬನದು. ಕೆರೆ ಉಳಿಯಿತು ಎಂಬ ಕಾರಣಕ್ಕೆ ಆ ವ್ಯವಸ್ಥೆ ನ್ಯಾಯಬದ್ಧವಾಗಿತ್ತು ಎನ್ನಲಾಗದು. ಸುಸ್ಥಿರತೆ ಮತ್ತು ಸಾಮಾಜಿಕ ಪರಿವರ್ತನೆ ಎಂಬ ಎರಡು ಪದಗಳು ಒಂದಕ್ಕೊಂದು ಅಂಟಿಕೊಂಡೇ ಇರಬೇಕೆನ್ನುವುದು ಇದಕ್ಕಾಗಿಯೇ. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿಸಿದರೆ ಹಳೆಯ ಅನ್ಯಾಯವೇ ಹೊಸ ಪರಿಭಾಷೆಯಲ್ಲಿ ಮುಂದುವರಿಯುತ್ತದೆ.

6

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸಬೇಕು. ವಿಶ್ವವಿದ್ಯಾಲಯದ ಕೆಲಸ ಜ್ಞಾನ, ಚಳವಳಿಯಲ್ಲ. ಸಂಶೋಧಕನು ಪಕ್ಷ ವಹಿಸಿದರೆ ವಸ್ತುನಿಷ್ಠತೆ ಕೆಡುತ್ತದೆ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ತಥ್ಯವಿದೆ. ತೀರ್ಮಾನವನ್ನು ಮೊದಲೇ ಬರೆದಿಟ್ಟು ಆಧಾರ ಹುಡುಕುವುದು ಸಂಶೋಧನೆಯಲ್ಲ. ಆದರೆ ನಮ್ಮ ಜಾನಪದ ಕ್ಷೇತ್ರಕಾರ್ಯದ ಇತಿಹಾಸವನ್ನೇ ನೋಡೋಣ. ಅರ್ಧ ಶತಮಾನಕ್ಕೂ ಮಿಕ್ಕಿ ನಾವು ಹಳ್ಳಿಗಳಿಂದ ಹಾಡು, ಕಥೆ, ಗಾದೆ, ಮಹಾಕಾವ್ಯಗಳನ್ನು ಧ್ವನಿಮುದ್ರಿಸಿ ತಂದೆವು. ಸಂಪುಟಗಳು ಅಚ್ಚಾದವು, ಪದವಿಗಳು ದೊರೆತವು. ಹಾಡಿದವರ ಊರಿಗೆ ಆ ಸಂಪುಟದ ಪ್ರತಿಯೂ ಮರಳದ ಉದಾಹರಣೆಗಳು ಕಡಿಮೆಯಲ್ಲ. ಇದನ್ನು ತಟಸ್ಥತೆ ಎನ್ನಲಾಗದು. ಇದು ಒಮ್ಮುಖವಾದ ಸಾಗಾಣಿಕೆ. ತಂದದ್ದನ್ನು ಹಿಂತಿರುಗಿಸುವುದು ಪಕ್ಷಪಾತವಲ್ಲ, ಸಂಶೋಧನೆಯ ಪ್ರಾಮಾಣಿಕತೆ.

ಎರಡನೆಯ ಆಕ್ಷೇಪ ಉಪಯುಕ್ತತೆಗೆ ಸಂಬಂಧಿಸಿದ್ದು: ಹಾಡು ಕಥೆಗಳ ದಾಖಲೆಯಿಂದ ಕಾಡು ಉಳಿಯುವುದೇ? ಇದಕ್ಕೆ ಕಾನೂನೇ ಉತ್ತರ ನೀಡಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿ ರಚಿತವಾದ 2008ರ ನಿಯಮಗಳು, ಹಕ್ಕನ್ನು ಸಾಬೀತುಪಡಿಸುವ ಸಾಕ್ಷ್ಯಗಳ ಪಟ್ಟಿಯಲ್ಲಿ ಊರಿನ ಹಿರಿಯರ ಲಿಖಿತ ರೂಪದ ಹೇಳಿಕೆಯನ್ನೂ ಸೇರಿಸಿವೆ. ಬಾಯಿಮಾತಿನ ಚರಿತ್ರೆಗೆ ಇಲ್ಲಿ ಶಾಸನಬದ್ಧ ಮನ್ನಣೆಯಿದೆ. ಬಿಳಿಗಿರಿರಂಗನಬೆಟ್ಟದ ಸೋಲಿಗರು ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ಪವಿತ್ರ ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸುವ ಕಾರ್ಯದಲ್ಲಿ ತೊಡಗಿದ್ದರು. ಆ ಪ್ರದೇಶ ಹುಲಿ ರಕ್ಷಿತಾರಣ್ಯವೆಂದು ಘೋಷಿತವಾದ 2011ರಲ್ಲೇ ಅವರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಸೋಲಿಗರ ಹಾಡುಗಳನ್ನು ಪಠ್ಯವಾಗಿ ಓದುವ ನಮಗೆ ಆ ಹಾಡಿನೊಳಗಿನ ಸ್ಥಳನಾಮಗಳು ಹಕ್ಕಿನ ಗುರುತುಗಳೂ ಆಗಬಲ್ಲವೆಂಬುದು ಹೊಳೆಯಬೇಕಿತ್ತು. ಅದನ್ನು ತೋರಿಸಿಕೊಟ್ಟವರು ಸೋಲಿಗರು.

ಮೂರನೆಯದು ಮೌಲ್ಯಮಾಪನದ ತೊಡಕು. ಮುಂದಾಳ್ತನಕ್ಕೆ ಅಂಕ ಕೊಡುವುದು ಹೇಗೆ? ಕೊಡಬಾರದು ಎಂಬುದೇ ನನ್ನ ಅಭಿಪ್ರಾಯ. ವಿದ್ಯಾರ್ಥಿಯ ವ್ಯಕ್ತಿತ್ವಕ್ಕಲ್ಲ, ಅವನು ಅಥವಾ ಅವಳು ಸಿದ್ಧಪಡಿಸಿದ ದಾಖಲೆಯ ನಿಖರತೆಗೆ, ಅದು ಸಂಬಂಧಪಟ್ಟ ಜನರ ಮುಂದೆ ಓದಲ್ಪಟ್ಟು ತಿದ್ದುಪಡಿ ಹೊಂದಿತೇ ಎಂಬುದಕ್ಕೆ ಅಂಕ ಸಲ್ಲಬೇಕು.

7

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಹೆಚ್ಚಿನ ಅನುದಾನವಿಲ್ಲದೆ ಕೈಗೊಳ್ಳಬಹುದಾದ ಕೆಲವು ಕಾರ್ಯಗಳನ್ನು ಸೂಚಿಸಬಯಸುತ್ತೇನೆ.

ಮೊದಲನೆಯದಾಗಿ, ಪದವಿ ಹಂತದ ಪರಿಸರ ಪತ್ರಿಕೆಯ ಕ್ಷೇತ್ರಕಾರ್ಯವನ್ನು ವಿಜ್ಞಾನ ಮತ್ತು ಕನ್ನಡದ ಅಧ್ಯಾಪಕರು ಜೊತೆಯಾಗಿ ನಡೆಸಬೇಕು. ಪ್ರತಿ ತಂಡವೂ ಹೆಸರಿರುವ ಒಂದು ಕೆರೆ, ಗೋಮಾಳ ಅಥವಾ ತೋಪನ್ನು ಆಯ್ದುಕೊಳ್ಳಲಿ. ನೀರಿನ ಗುಣವನ್ನು ವಿಜ್ಞಾನದ ವಿದ್ಯಾರ್ಥಿ ಪರೀಕ್ಷಿಸಲಿ. ಕಂದಾಯ ದಾಖಲೆ, ಸ್ಥಳನಾಮ, ಹಿರಿಯರ ನೆನಪು ಮತ್ತು ಬಳಕೆಯ ಕಟ್ಟುಪಾಡುಗಳನ್ನು ಕನ್ನಡದ ವಿದ್ಯಾರ್ಥಿ ದಾಖಲಿಸಲಿ. ವರದಿಯು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲ್ಪಟ್ಟ ನಂತರವೇ ಅಂಕಗಳಿಗೆ ಅರ್ಹವಾಗಲಿ. ಹತ್ತು ನಿಮಿಷ ತಮ್ಮ ಊರಿನವರ ಎದುರು ನಿಂತು ಕೆರೆಯ ಒತ್ತುವರಿಯ ಸರ್ವೆ ನಂಬರನ್ನು ಓದುವುದಕ್ಕೆ ಬೇಕಾದ ಸಿದ್ಧತೆ ಮತ್ತು ಎದೆಗಾರಿಕೆಯನ್ನು ಯಾವ ಕಾರ್ಯಾಗಾರವೂ ಕಲಿಸಲಾರದು. ಅಂಥ ಸಂದರ್ಭದಲ್ಲಿ ವಿದ್ಯಾರ್ಥಿಯೊಬ್ಬನೇ ನಿಲ್ಲುವಂತಾಗಬಾರದು. ವಿಭಾಗವು ಅವನ ಜೊತೆಗಿರಬೇಕು ಎಂಬುದೂ ಅಷ್ಟೇ ಮುಖ್ಯ.

ಎರಡನೆಯದಾಗಿ, 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕಾಗಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇದಕ್ಕೆ 2020ರ ಜನವರಿಯ ಗಡುವು ವಿಧಿಸಿತ್ತು. ಗಡುವಿನ ಒತ್ತಡದಲ್ಲಿ ತಯಾರಾಗುವ ದಾಖಲೆಗಳಲ್ಲಿ ಜನರ ಪಾಲು ಎಷ್ಟಿರಬಲ್ಲುದು ಎಂಬುದನ್ನು ಊಹಿಸಬಹುದು. ಭತ್ತದ ತಳಿಗಳ, ಮೀನು, ಸೊಪ್ಪು, ಔಷಧಿ ಗಿಡಗಳ ಪ್ರಾದೇಶಿಕ ಹೆಸರುಗಳು, ಅವುಗಳ ಸುತ್ತಲಿನ ನಂಬಿಕೆ ಮತ್ತು ಬಳಕೆಗಳು ಜಾನಪದ ಹಾಗೂ ಉಪಭಾಷಾ ಅಧ್ಯಯನದ ಸಾಮಗ್ರಿಯೂ ಹೌದು. ಈ ದಾಖಲಾತಿಗಳನ್ನು ಊರಿನವರೊಂದಿಗೆ ಕುಳಿತು ಪರಿಷ್ಕರಿಸುವ ಕೆಲಸವನ್ನು ಎಂ.ಎ. ತರಗತಿಯ ಕಿರುಪ್ರಬಂಧವನ್ನಾಗಿ ಮಾಡಬಹುದು. ಸಂಗ್ರಹಿಸಿದ ತಿಳಿವಳಿಕೆಯ ಒಡೆತನ ಸಮುದಾಯದ್ದೇ ಎಂಬ ಎಚ್ಚರ ಇಲ್ಲಿ ಅಗತ್ಯ.

ಮೂರನೆಯದಾಗಿ, ಕ್ಷೇತ್ರಕಾರ್ಯವನ್ನು ಆಧರಿಸಿದ ಪ್ರತಿ ಪಿಎಚ್.ಡಿ. ಮಹಾಪ್ರಬಂಧಕ್ಕೂ ಸರಳ ಕನ್ನಡದಲ್ಲಿ ನಲವತ್ತು ಐವತ್ತು ಪುಟಗಳ ಸಾರಪುಸ್ತಿಕೆಯೊಂದು ಇರಬೇಕು. ಅದರ ಪ್ರತಿಗಳು ಅಧ್ಯಯನಕ್ಕೆ ಒಳಗಾದ ಊರುಗಳಿಗೆ ತಲುಪಬೇಕು. ಇದು ಹೊಸ ಆಲೋಚನೆಯೇನೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸ ಮಾಲೆಯು ಅಧ್ಯಾಪಕರನ್ನು ಊರುಗಳಿಗೆ ಕರೆದೊಯ್ದು, ಅವರ ಉಪನ್ಯಾಸಗಳನ್ನು ಅಗ್ಗದ ಬೆಲೆಯ ಕಿರುಹೊತ್ತಗೆಗಳಾಗಿ ಜನರ ಕೈಗಿತ್ತಿತ್ತು. ಈಗ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳೆಂಬ ಹೆಸರು ಪಡೆದಿವೆ. ಪುಸ್ತಕ ಇಡಲು ಸ್ಥಳವಿದೆ. ಇಡಬೇಕಾದ ಪುಸ್ತಕವನ್ನು ನಾವು ಬರೆಯಬೇಕಾಗಿದೆ.

ನಾಲ್ಕನೆಯದು ನಮ್ಮ ಆವರಣಗಳಿಗೇ ಸಂಬಂಧಿಸಿದ್ದು. ವಿಶ್ವವಿದ್ಯಾಲಯಗಳು ನೂರಾರು ಎಕರೆ ನೆಲದ ಒಡೆಯರು. ಆ ನೆಲ ಹಿಂದೆ ಯಾವ ಊರಿನ ಗೋಮಾಳವಾಗಿತ್ತು, ಆವರಣದ ಬಾವಿ ಬತ್ತಿದ್ದು ಯಾವಾಗ, ಹಾಸ್ಟೆಲಿನ ಕೊಳಚೆ ನೀರು ಯಾವ ಹಳ್ಳ ಸೇರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕೇಳಿ ತಿಳಿದು ಆಡಳಿತ ಮಂಡಳಿಯ ಮುಂದಿಡಲು ಅವಕಾಶವಿರಬೇಕು. ಊರಿನ ಗೌಡನನ್ನು ಪ್ರಶ್ನಿಸಲು ಕಲಿಸಿ ಕುಲಸಚಿವರನ್ನು ಪ್ರಶ್ನಿಸಬಾರದೆನ್ನುವ ಶಿಕ್ಷಣಕ್ಕೆ ನೈತಿಕ ಬಲವಿರುವುದಿಲ್ಲ.

ಇವೆಲ್ಲವೂ ಸಣ್ಣ ಕೆಲಸಗಳು. ಇವುಗಳಿಂದ ಹವಾಮಾನ ಬದಲಾವಣೆಯಂತಹ ಜಾಗತಿಕ ಬಿಕ್ಕಟ್ಟು ನಿವಾರಣೆಯಾಗುವುದೆಂಬ ಭ್ರಮೆ ನನಗಿಲ್ಲ. ಆದರೆ ಇಂದಿನ ಕನ್ನಡ ಎಂ.ಎ. ತರಗತಿಗಳಲ್ಲಿ ಕುಳಿತಿರುವವರಲ್ಲಿ ಬಹುಪಾಲು ಹಳ್ಳಿಗಳಿಂದ ಬಂದವರು, ಅನೇಕರು ತಮ್ಮ ಕುಟುಂಬದ ಮೊದಲ ಪದವೀಧರರು. ಗೋಮಾಳ, ತೂಬು, ಸೊಪ್ಪಿನ ಬೆಟ್ಟಗಳ ನೆನಪು ಇನ್ನೂ ಅವರ ಮನೆಗಳಲ್ಲಿದೆ. ಆ ನೆನಪನ್ನು ಹಿಂದುಳಿದಿರುವಿಕೆಯ ಗುರುತೆಂದು ಮರೆಮಾಚಬೇಕಾದ ಸ್ಥಿತಿಯನ್ನು ನಾವೇ ನಿರ್ಮಿಸಿದ್ದೇವೆ. ಅದು ಜ್ಞಾನವೆಂದೂ, ಅದರೊಳಗಿನ ಅನ್ಯಾಯವನ್ನು ವಿಮರ್ಶಿಸುವ ಹಕ್ಕು ತಮಗಿದೆಯೆಂದೂ, ಅದನ್ನು ಬರೆದು ಊರಿನ ಮುಂದಿಡುವ ಹೊಣೆ ತಮ್ಮದೆಂದೂ ಅವರಿಗೆ ಮನವರಿಕೆಯಾಗುವಂತೆ ನಮ್ಮ ತರಗತಿಗಳು ನಡೆಯಬೇಕು. ಮುಂಬರುವ ಪಠ್ಯಕ್ರಮ ಪರಿಷ್ಕರಣೆಯ ಸಂದರ್ಭದಲ್ಲಿ ನಮ್ಮ ಅಧ್ಯಯನ ಮಂಡಳಿಗಳು ಕನಿಷ್ಠ ಒಂದು ಕ್ಷೇತ್ರಕಾರ್ಯ ಪತ್ರಿಕೆಯನ್ನಾದರೂ ಈ ದಿಕ್ಕಿನಲ್ಲಿ ರೂಪಿಸಿ ನೋಡುವುದು ಅಪೇಕ್ಷಣೀಯ.